ನೋವು ಕೇಳುವ ಪಾಠ

ಸ್ನಾಯುನೋವಿನ ಚಿಕಿತ್ಸೆ ಕಲಿಯುತ್ತಿದ್ದ ಗಂಡನಿಗೆ ಪರೀಕ್ಷೆಯ ದಿನ ಒತ್ತಿ ತೋರಿಸಲು ಒಂದು ಮೈ ಬೇಕಿತ್ತು, ಹೆಂಡತಿಯನ್ನೇ ಕರೆದೊಯ್ದ. ನೋವಾಗುತ್ತಿದೆಯೇ ಎಂದು ಕೇಳದೆ ಒತ್ತಿದರೆ ಅಂಕ ಖೋತಾ. ಬೋರಲು ಮಲಗಿದವಳ ಹೆಗಲಿನ ಗಂಟಿಗೆ ಹೆಬ್ಬೆರಳಿಟ್ಟು, ಒತ್ತಿದಾಗಲೆಲ್ಲ ಕೇಳಿದ: "ನೋವಾಗ್ತಿದೆಯಾ? ಸಾಕು ಅಂದ್ರೆ ಬಿಟ್ಬಿಡ್ತೀನಿ."

ಮಕ್ಕಳು ಎದೆಯುದ್ದ ಬೆಳೆದರೂ ಆ ಬಾಯಿಂದ ಈ ಮಾತು ಅಪ್ಪಿತಪ್ಪಿಯೂ ಬಂದಿರಲಿಲ್ಲ. ಅವಳಿಗೆ ಅಳು ಉಕ್ಕಿ ಬಂತು.

"ನೋಡಿ, ಗಂಟು ಸಡಿಲ ಆಯ್ತು," ಎಂದು ಮೇಷ್ಟ್ರು ಉಳಿದವರಿಗೆ ತೋರಿಸಿದರು. ಗಂಡ ಪಾಸಾದ.

ಹೊರಗೆ ಬಂದ ಮೇಲೆ, ಇನ್ನೊಮ್ಮೆ ಕೇಳಿಯಾನೇನೋ ಎಂದು ಅವಳು ಅವನ ಮುಖ ನೋಡಿದಳು. ಅವನು ಎಣ್ಣೆ ಬಾಟಲಿ, ಟವೆಲ್ಲು ತುಂಬಿದ ಚೀಲವನ್ನು ಅವಳ ಅದೇ ಹೆಗಲಿಗೆ ನೇತುಹಾಕಿ, "ಅಷ್ಟಕ್ಕೆಲ್ಲ ಅಳ್ತಾರಾ? ನಡಿ, ಬಸ್ಸು ಹೋಗತ್ತೆ," ಅಂದ.