ಮೂಲೆ ಕಪ್ಪಾದ ಕಾರ್ಡು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದೆಂದು ಕುಮಟೆಯ ಅರ್ಧ ಊರಿಗೆ ಗೊತ್ತು. ಉಳಿದರ್ಧ ಶಾಲೆಯಲ್ಲಿ ನನ್ನ ಕೈಲಿ ಪೆಟ್ಟು ತಿಂದೇ ಕಲಿತದ್ದು. ಅಪ್ಪ ಅಮ್ಮ ಹೋದ ಮೇಲೆ ನಾನೇ ಸಾಕಿದ ತಮ್ಮ ಕಮಲಾಕರನೊಬ್ಬನ ಮೇಲೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ಅವನು ದೂರದ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ, ದುರ್ಬೀನಿನಿಂದ ತೆಗೆದ ಗಾಜಿನ ಫೋಟೋಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ.

೧೯೭೯ರ ಜನವರಿಯಲ್ಲಿ ಪೋಸ್ಟಿನ ಮಾದೇವ ಬೇಲಿಯಾಚೆಯೇ ನಿಂತು ಕಾರ್ಡು ಚಾಚಿದ.

"ಅಕ್ಕೋರೆ, ಮೂಲೆ ಕಪ್ಪದೆ. ಇಲ್ಲೇ ಓದಿ ಹರ್ದುಬಿಡಿ."

ಮೂಲೆಗೆ ಮಸಿ ಬಳಿದು ಬಂದರೆ ಸಾವಿನ ಸುದ್ದಿ. ಮನೆಯೊಳಗೆ ತರುವಂತಿಲ್ಲ. ಕತಗಾಲದ ಚಿಕ್ಕಪ್ಪ ಹಾಸಿಗೆ ಹಿಡಿದು ತಿಂಗಳಾಗಿತ್ತು. ಗೊತ್ತಾಗಿದ್ದ ನನ್ನ ಮದುವೆಯನ್ನು ಚಾಡಿ ಹೇಳಿ ಮುರಿದವನು. ಅವನಿಗಾಗಿ ಒಂದು ಸಾಲು ಓದುವ ವ್ಯವಧಾನವೂ ನನಗಿರಲಿಲ್ಲ. ಪೀಡೆ ತೊಲಗಿತು ಎಂದುಕೊಂಡು ಕಾರ್ಡನ್ನು ಚೂರು ಮಾಡಿ ಚರಂಡಿಗೆ ಹಾಕಿದೆ. ಸೂತಕವನ್ನೂ ಹಿಡಿಯದೆ, ಸಾವಿನ ಮೈಲಿಗೆ ಕಳೆಯಲು ತಲೆಗೆ ಮಾತ್ರ ಮಿಂದು ಶಾಲೆಗೆ ಹೋದೆ.

ಹನ್ನೆರಡನೇ ದಿನ ಚಿಕ್ಕಪ್ಪ ಕೋಲೂರಿಕೊಂಡು ಅಂಗಳಕ್ಕೆ ಬಂದ.

"ಎಂತ ಕೂಸೆ, ಭೂತ ಕಂಡವ್ರ ಹಾಂಗೆ ನಿಂತ್ಯಲೆ?"

ಹಾಗಾದರೆ ಆ ಕಾರ್ಡು ಯಾರದು?

ಮರುದಿನ ತಂತಿ ಬಂತು. ಕಮಲಾಕರ ಕಾಮಾಲೆಯಿಂದ ತೀರಿಕೊಂಡಿದ್ದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಸುಟ್ಟೂ ಆಗಿತ್ತು. ಅವನ ಜೊತೆಗಾರ, ಹೊನ್ನಾವರದ ಕೃಷ್ಣಾನಂದ, ಒಂದು ಗಾಜನ್ನು ಬೆಳಕಿಗೆ ಹಿಡಿದ. ಗಾಜಿನಲ್ಲಿ ಎಲ್ಲವೂ ತಿರುಗುಮುರುಗು. ಆಕಾಶ ಬಿಳಿ, ನಕ್ಷತ್ರಗಳು ಕಪ್ಪು. ಅಂಚಿನಲ್ಲಿ ಕಂಡೂ ಕಾಣದಂಥ ಮಸುಕು.

"ಇದು ಒಂದು ಗೆಲಾಕ್ಸಿ. ಚೆನ್ನಂಗಿ ಬೇಳೆ ಅಡ್ಡ ಇಟ್ಟ ಹಾಂಗಿದ್ದು, ನೋಡು ಅಕ್ಕಾ. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲೆ. ಮೊದಲು ಕಂಡವ ಅವನೇ."

ನಾನು ಗಾಜಿನ ಹತ್ತಿರ ಬಾಗಿದೆ.

"ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕಾರ್ಡು ಬರೆದ. 'ಹೊಸಾದೊಂದು ಸಿಕ್ಕಿದ್ದು, ಬಂದು ನೋಡು, ತಡ ಮಾಡಡ' ಹೇಳಿ. ವಿಳಾಸ ನಾನು ಬರೆದೆ. ಚಿತ್ರ ಮಾತ್ರ ಅವಂದೇ. ಗಾಜಿನಲ್ಲಿದ್ದ ಹಾಂಗೆ ಕಳಿಸಿದ್ರೆ ಅಕ್ಕಂಗೆ ತಿಳೀತಿಲ್ಲೆ ಹೇಳಿ, ಇಡೀ ಮೂಲೆಗೆ ಮಸಿ ಬಳಿದು ಆಕಾಶ ಮಾಡಿದ. ನಡುವೆ ಬೇಳೆಯಷ್ಟು ಬಿಳಿ ಬಿಟ್ಟ. ಆಮೇಲೆ ದಿನಾ ಬಾಗಿಲನ್ನೇ ನೋಡ್ತಿದ್ದ."

ಗಾಜನ್ನು ಕೆಳಗಿಟ್ಟು ಕೇಳಿದ, "ಕಾರ್ಡು ಸಿಕ್ಕಿದ್ದಿಲ್ಯಾ ಅಕ್ಕಾ?"

"ಸಿಕ್ಕಿತ್ತು," ಎಂದೆ. "ಅವ ಬದುಕಿದ್ದಾಗಲೇ ನಾನು ಮಿಂದು ಮುಗಿಸಿದ್ದಿ."