ಹನ್ನೊಂದು ದಿನದ ಜೋಡಿ ಅಲೆ

ಏಪ್ರಿಲ್‌ನಲ್ಲಿ ಆ ಜೋಡಿ ನನ್ನ ಕಣ್ಣಿಗೆ ಬಿತ್ತು. ದೂರದಲ್ಲೆಲ್ಲೋ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಎದ್ದ ಗುರುತ್ವ ಅಲೆ, ನಡುವಿನ ಗೆಲಾಕ್ಸಿಯ ಸೆಳೆತಕ್ಕೆ ಬಾಗಿ, ಎರಡು ಹಾದಿ ಹಿಡಿದು, ಹನ್ನೊಂದು ದಿನಗಳ ಅಂತರದಲ್ಲಿ ಎರಡು ಸಲ ನಮ್ಮನ್ನು ತಲುಪಿತ್ತು. ಅದೇ ಆಕಾರ, ಎರಡನೆಯದು ತುಸು ಕ್ಷೀಣ. ಇಂಥದ್ದೊಂದಕ್ಕಾಗಿ ಶಿಂಚು ನಗರದ ಪ್ರಯೋಗಾಲಯದಲ್ಲಿ ಆರು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ.

ಮೊದಲು ಓಡಿದ್ದು ಪೇ-ಲಿನ್ ಅಕ್ಕನ ಬಳಿಗೆ. ಓದುವ ಕಾಲದಿಂದಲೂ ನನ್ನ ಹಿರಿಯಳು, ಈಗ ಇದೇ ಪ್ರಯೋಗಾಲಯದಲ್ಲೂ. ತನ್ನ ಊಟದ ಡಬ್ಬಿಯಲ್ಲಿನ, ಸೋಯಾ ರಸದಲ್ಲಿ ಬೇಯಿಸಿದ ಮೊಟ್ಟೆಯನ್ನು ನನಗೇ ಕೊಡುವವಳು. ಆ ವಾರವೇ ನನಗೆ ತೈನಾನ್‌ನ ಕಾಲೇಜೊಂದರಿಂದ ಕಾಯಂ ಕೆಲಸದ ಪತ್ರ ಬಂದಿತ್ತು. ಇಲ್ಲಿಯದು ಜುಲೈಗೆ ಮುಗಿಯುವ ಗುತ್ತಿಗೆ.

"ಏನ್ ಮಾಡ್ಲಿ ಅಕ್ಕ?"

"ಇಂಥಾ ಜೋಡಿ ಕೈಗೆ ಸಿಕ್ಕಿರೋವಾಗ ತೈನಾನ್‌ಗೆ ಹೋಗಿ ಉತ್ತರಪತ್ರಿಕೆ ತಿದ್ತೀಯಾ, ಪೆದ್ದಿ?" ಎಂದು ನಕ್ಕಳು.

ಕೆಲಸ ಬೇಡವೆಂದು ಅಂದೇ ಬರೆದು ಕಳಿಸಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಹುಡುಕುವವರು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಮೂವರ ಗುಟ್ಟಿನ ಸಮಿತಿಯೊಂದು ದತ್ತಾಂಶದೊಳಗೆ ಆಗೊಮ್ಮೆ ಈಗೊಮ್ಮೆ ಹುಸಿ ಅಲೆ ಸೇರಿಸುತ್ತದೆ. ಯಾವುದು ಹುಸಿಯೆಂದು ಬರೆದಿಟ್ಟ ಲಕೋಟೆಯನ್ನು ಲೇಖನ ಸಿದ್ಧವಾದ ಮೇಲೆಯೇ ಒಡೆಯುವುದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವರು ಸೇರಿಸುತ್ತಿದ್ದದ್ದು ಯಾವಾಗಲೂ ಒಂಟಿ ಅಲೆ. ಜೋಡಿಯಾದ್ದರಿಂದ ಇದು ಅಸಲಿಯೇ ಎಂದು ನಿಶ್ಚಿಂತೆಯಿಂದಿದ್ದೆ.

ಜುಲೈ ಮೊದಲ ವಾರದ ಸಭೆಯಲ್ಲಿ ಲಕೋಟೆ ಒಡೆದರು. ಎರಡೂ ಹುಸಿ. ಕೆಳಗೆ ಮೂರು ಸಹಿ, ನಡುವಿನದು 'ಡಾಕ್ಟರ್ ಲ್ಯೋ ಪೇ-ಲಿನ್', ನನ್ನ ಪೇ-ಲಿನ್ ಅಕ್ಕನದು. ನನ್ನ ವಿಧಾನ ಪರೀಕ್ಷೆ ಗೆದ್ದಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮೆಟ್ಟಿಲ ಬಳಿ ಅವಳನ್ನು ತಡೆದು ನಿಲ್ಲಿಸಿದೆ.

"ಬಾಯಿ ಬಿಡೋ ಹಾಗಿರ್ಲಿಲ್ಲ ಕಣೇ ರೂಯಿ-ಮಿನ್. ನಿಯಮ ನಿಂಗೂ ಗೊತ್ತಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಇರ್ಬೇಕಿತ್ತು. ತೈನಾನ್‌ಗೆ ಹೋಗ್ಬೇಡ ಅಂತ ಯಾಕೆ ಹೇಳ್ದೆ?"

ಅವಳು ನೆಲ ನೋಡಿದಳು. "ನೀನು ಹೋಗಿದ್ರೆ ಪರೀಕ್ಷೆ ಅರ್ಧಕ್ಕೇ ನಿಲ್ತಿತ್ತು. ನೀನು ಹೇಗೆ ಹುಡುಕ್ತೀಯ ಅಂತ ನೋಡ್ಕೊಂಡೇ ಆ ಜೋಡಿ ಮಾಡಿದ್ದು. ನಿನಗೇ ಸಿಗ್ಲಿ ಅಂತ."

ಹೇಗೆ ಹುಡುಕುತ್ತೇನೆಂದು ಅವಳಿಗೆ ಕೂತು ವಿವರಿಸಿದ್ದವಳು ನಾನೇ. ಬೇರೆ ಯಾರಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ.

ತೈನಾನ್‌ಗೆ ಫೋನ್ ಮಾಡಿದೆ. ಆ ಜಾಗಕ್ಕೆ ಬೇರೆಯವರು ಆಗಲೇ ಸೇರಿದ್ದರು. ಸಂಜೆ ಅವಳಿಂದ ವರದಿಯ ಕರಡು ಬಂತು: ಪರೀಕ್ಷೆ ಯಶಸ್ವಿ, ಮೊದಲ ಹೆಸರು ನನ್ನದು, ಒಪ್ಪಿಗೆ ಕಳಿಸಬೇಕಂತೆ.

"ನನ್ನ ಹೆಸರು ತೆಗೆದುಬಿಡಿ, ಡಾಕ್ಟರ್ ಲ್ಯೋ," ಎಂದು ಬರೆದು ಕಳಿಸಿದೆ.