ಎಡಗಡೆಯ ಗುಂಡಿ

"ಯಾ ಅಲ್ಲಾ! ಆರೋಗ್ಯ, ಗಂಡಸ್ರ ಶರ್ಟಿಗೆ ಗುಂಡಿ ಎಡಕ್ಕೆ ಹಾಕಿದೀಯಲ್ಲೇ!"

ಉಮ್ಮೆ ಕುಲ್ಸುಂ ಅಂಗಿಯನ್ನು ಎತ್ತಿ ಹಿಡಿದಳು. ಶಿವಾಜಿನಗರದಲ್ಲಿದ್ದ ಅವಳ ಗುಂಡಿ-ದಾರದ ಅಂಗಡಿಯ ಹಿಂಭಾಗದಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆರೋಗ್ಯಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಗುಂಡಿಗಳೆಲ್ಲ ಹೆಂಗಸರ ಅಂಗಿಯ ಹಾಗೆ ಎಡಕ್ಕೆ ಸಾಲಾಗಿ ಕೂತಿದ್ದವು. ಮಡಿಸಿಟ್ಟಿದ್ದ ಇನ್ನೊಂದು ಅಂಗಿಯದೂ ಅದೇ ಕತೆ. ಕ್ರಿಸ್ಮಸ್‌ಗೆ ಉಳಿದಿದ್ದು ಎರಡೇ ದಿನ.

"ಗುಂಡಿ ಯಾವತ್ತೂ ಕತ್ತರಿ ಹಿಡಿಯೋ ಕೈ ಕಡೆಗೆ" ಎಂದು ಅವಳಿಗೆ ಹೊಲಿಗೆ ಕಲಿಸಿದ ಅಕ್ತರ್ ಮೇಸ್ತ್ರಿ ಹೇಳಿಕೊಟ್ಟಿದ್ದರು. ಗಂಡಸರ ಅಂಗಿಗೆ ಅದೇ ಲೆಕ್ಕ. ಹೋದ ವರ್ಷ ಆರೋಗ್ಯಮ್ಮನಿಗೆ ಲಕ್ವ ಹೊಡೆದು ಬಲಗೈ ಸತ್ತಂತಾದ ಮೇಲೆ ಕತ್ತರಿ ಎಡಗೈಗೆ ಬಂತು. ಗುಂಡಿಯೂ ಅದರ ಹಿಂದೆಯೇ ಬಂದುಬಿಟ್ಟಿತ್ತು.

ಮೂವತ್ತೊಂದು ವರ್ಷ ಮನೆಯವರೆಲ್ಲ ಅವಳು ಒಂದೇ ತಾನಿನಲ್ಲಿ ಹೊಲಿದ ಬಟ್ಟೆ ತೊಟ್ಟು ಹಬ್ಬದ ಪೂಜೆಗೆ ಹೋಗಿದ್ದರು. ಅದೇ ಅವಳು ಕೊಡುವ ಉಡುಗೊರೆ. ಹೋದ ವರ್ಷ ಮಾತ್ರ ತಪ್ಪಿತು. ಈ ಸಲ ಮಗ ಲೂರ್ದುರಾಜ್, "ಅಮ್ಮಾ, ಆನ್‌ಲೈನಲ್ಲಿ ತರಿಸ್ತೀನಿ, ನೀನು ರೆಸ್ಟ್ ತಗೋ" ಎಂದಿದ್ದ. ಆ 'ರೆಸ್ಟ್' ಎಂಬ ಮಾತು ಅವಳ ಮೈ ಉರಿಸಿತ್ತು. ಅಂದಿನಿಂದ ದಿನಾ ಮಧ್ಯಾಹ್ನ ಫಿಸಿಯೋಥೆರಪಿ ಎಂದು ಹೇಳಿ ಹಲಸೂರಿನಿಂದ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದಳು. ಸುಳ್ಳೂ ಅಲ್ಲ ಅನ್ನಿ. ಬಲಗೈಯನ್ನು ಬಟ್ಟೆಯ ಮೇಲೆ ಭಾರಕ್ಕೆ ಇಟ್ಟು, ಎಡಗೈಯಲ್ಲಿ ಎಳೆದೆಳೆದು ಹೊಲಿದಿದ್ದಳು.

"ಬಿಚ್ಚಿ ಹಾಕಕ್ಕಾಗಲ್ವಾ?"

"ಕಾಜಾ ಕತ್ತರಿಸಿಬಿಟ್ಟಿದೀನಲ್ಲೇ. ತೂತು ಮುಚ್ಚಕ್ಕಾಗುತ್ತಾ?" ಆರೋಗ್ಯಮ್ಮನ ಕಣ್ಣು ತುಂಬಿತು. "ಮಗ ಹೇಳಿದ್ದೇ ಸರಿ. ನನ್ ಕೈಲಿ ಇನ್ನಾಗಲ್ಲ."

"ಅಳ್ಬೇಡ. ಪಕ್ಕದ ಗಲ್ಲೀಲಿ ರೆಡಿಮೇಡ್ ಸಿಗುತ್ತೆ, ತರ್ತೀನಿ."

ಆರೋಗ್ಯಮ್ಮ ಚಕ್ಕನೆ ತಲೆಯೆತ್ತಿದಳು. ಗಂಡ ಇನ್ನಾಸಪ್ಪನದು, ಮಗನದು ಮುಗಿದಿದ್ದವು. ಅಳಿಯನ ಅಂಗಿಗೆ ಇನ್ನೂ ಕಾಜಾ ಬಿದ್ದಿರಲಿಲ್ಲ. ಅದನ್ನು ಹತ್ತಿರ ಎಳೆದುಕೊಂಡಳು. ಸೀಮೆಸುಣ್ಣ ಹಿಡಿದು, ಬೇಕೆಂದೇ, ಗುಂಡಿಯ ಗುರುತನ್ನು ಎಡಗಡೆಗೇ ಹಾಕಿದಳು.

"ಏ, ಹುಚ್ಚಾ ನಿಂಗೆ?"

"ಎರಡ್ರಲ್ಲಿದ್ರೆ ತಪ್ಪು ಅಂತಾರೆ. ಮೂರ್ರಲ್ಲೂ ಇದ್ರೆ ಮಾಡೆಲ್!" ಆರೋಗ್ಯಮ್ಮ ಮೂಗೊರೆಸಿಕೊಂಡಳು. "ದಾರ ಪೋಣಿಸಿ ಕೊಡು."

ಹಬ್ಬದ ಬೆಳಿಗ್ಗೆ ಲೂರ್ದುರಾಜ್ ತರಿಸಿದ್ದ ಪ್ಯಾಕೆಟ್ಟುಗಳು ಮಂಚದ ಮೇಲಿದ್ದವು. ಅವುಗಳ ಪಕ್ಕಕ್ಕೆ ಆರೋಗ್ಯಮ್ಮ ಪೇಪರಿನಲ್ಲಿ ಸುತ್ತಿದ ತನ್ನ ಗಂಟುಗಳನ್ನಿಟ್ಟಳು. ಸೊಸೆ ಸಗಾಯಮೇರಿ ಬಿಚ್ಚಿದಳು. ಒಂದೇ ನೀಲಿ ಬಟ್ಟೆಯ ಮೂರು ಅಂಗಿ, ಸೊಸೆಗೂ ಮಗಳಿಗೂ ಎರಡು ಕುರ್ತಾ.

"ಫಿಸಿಯೋಥೆರಪಿನಾ ಇದು, ಅತ್ತೆ?" ಎಂದವಳು ಕುರ್ತಾ ಎತ್ತಿಕೊಂಡು ಒಳಗೆ ಓಡಿದಳು.

ಗಂಡಸರು ಅಂಗಿ ತೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಇನ್ನಾಸಪ್ಪ ಗೊಣಗಿದ, "ಏನೇ ಇದು, ಉಲ್ಟಾ ಗುಂಡಿ!" ಅಳಿಯ ಕಾಜಾದಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತಿದ್ದ.

"ಉಲ್ಟಾ ಅಲ್ಲ," ಎಂದಳು ಆರೋಗ್ಯಮ್ಮ. "ನಾನು ಎಡಗೈಲಿ ಹೊಲ್ದಿದ್ದು. ನೀವೂ ಎಡಗೈಲೇ ಹಾಕ್ಕೊಳ್ಳಿ, ಗೊತ್ತಾಗ್ಲಿ."

ಲೂರ್ದುರಾಜ್ ಅಂಗಿಯ ಅಂಚನ್ನು ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಎಲ್ಲೂ ಅಂಕುಡೊಂಕಿಲ್ಲ.

ಚರ್ಚಿನ ಮೊದಲ ಗಂಟೆ ಹೊಡೆಯಿತು. ಆರೋಗ್ಯಮ್ಮ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಸಗಾಯಮೇರಿ ಗಂಡನಿಗೆ ನೆರವಾಗಲು ಹೋದರೆ, "ಬಿಡು, ನಾನೇ ಹಾಕ್ಕೊತೀನಿ" ಎಂದ. ಬಲಗೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡು, ತುಟಿ ಕಚ್ಚಿ, ಕುತ್ತಿಗೆಯ ಗುಂಡಿಯನ್ನು ಎಡಗೈಯಲ್ಲಿ ಇನ್ನೂ ತೂರಿಸುತ್ತಲೇ ಇದ್ದ.